ಹತ್ತು ಲೀಟರ್ ಜಾಗ

ನಲ್ಲಿ ನಿಂತಿತು, ಅಂದರೆ ಅಕ್ಕ ಎದ್ದಿದ್ದಾಳೆ, ಅಥವಾ ಎದ್ದು ಮುಖ ತೊಳೆದು ಮತ್ತೆ ಹೋಗಿ ಮಲಗಿದಳೋ ಏನೋ, ಬಾಗಿಲು ಸದ್ದು ಮಾಡಲಿಲ್ಲ, ಮಾಡುವುದೂ ಇಲ್ಲ, ಬಂದ ದಿನದಿಂದ ಈ ಮನೆಯ ಬಾಗಿಲುಗಳನ್ನು ಅವಳು ನಿದ್ದೆಹೋದ ಮಗುವಿಗೆ ಹೊದಿಕೆ ಹೊದಿಸಿದ ಹಾಗೆ ಮುಚ್ಚುತ್ತಾಳೆ — ನನ್ನ ಅಕ್ಕ, ಬಾಗಿಲನ್ನು ದಡಾರನೆ ಹಾಕಿ ಅಮ್ಮನ ಕೈಲಿ ದಿನಾ ಬೈಸಿಕೊಳ್ಳುತ್ತಿದ್ದ ಅಕ್ಕ. ನಿನ್ನೆ ಕೇಳಿದಳು, ಸ್ವಲ್ಪ ಬಿಸಿನೀರು ತಗೊಳ್ಳಲಾ? ತಗೊಳ್ಳಲಾ ಅಂತೆ. ನನ್ನ ಪಾಲಿನ ದಿಂಬನ್ನೂ ಕಿತ್ತುಕೊಂಡು ತಲೆಗೆ ಎರಡಿಟ್ಟುಕೊಂಡು ಮಲಗುತ್ತಿದ್ದವಳು ಬಿಸಿನೀರಿಗೆ ಅಪ್ಪಣೆ ಕೇಳುತ್ತಾಳೆ. ಮೊನ್ನೆ ಊಟದ ಹೊತ್ತಿಗೆ, ತಟ್ಟೆ ನೋಡಿಕೊಂಡೇ, ಊರಾಚೆ ಒಂದು ಹಾಸ್ಟೆಲ್ ಇದೆಯಂತೆ ಕಣೇ, ನನ್ನ ವಯಸ್ಸಿನವರೇ ಇರ್ತಾರಂತೆ, ಮುಂದಿನ ವಾರ ಒಂದು ರೂಮು ಖಾಲಿ ಆಗುತ್ತಂತೆ, ನಿನಗೂ ಇಲ್ಲಿ ಜಾಗ ಸಾಲಲ್ಲ. ನಮ್ಮಿಬ್ಬರಲ್ಲಿ ಮಾತೆಲ್ಲ ಅವಳ ಪಾಲಿಗೆ ಹೋಗಿತ್ತು, ನನ್ನ ಪಾಲಿಗೆ ಬಂದದ್ದು ಸ್ಕ್ರೂಡ್ರೈವರ್, ಮಾತಾಡಬೇಕಾದ ಕಡೆಯೆಲ್ಲ ನಾನು ಏನಾದರೊಂದನ್ನು ಬಿಚ್ಚುತ್ತೇನೆ ಇಲ್ಲವೆ ಜೋಡಿಸುತ್ತೇನೆ. ಮಾರನೆಯ ಸಂಜೆ ಕೆಲಸ ಮುಗಿಸಿ ನೇರ ಕಂಪ್ಯೂಟರ್ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಪುಟ್ಟ ಕೇಸೊಂದನ್ನು ಅಂಗೈ ಮೇಲೆ ಕೂರಿಸಿಕೊಂಡು, ಹತ್ತು ಲೀಟರ್ ಮೇಡಂ ಅಂದ, ಯಾಕಪ್ಪ ಇದಕ್ಕೆ ನೀರು ತುಂಬಿಸ್ತಾರಾ ಅಂದೆ, ನಕ್ಕ, ಇಲ್ಲ ಮೇಡಂ, ಸಣ್ಣ ಕೇಸನ್ನ ಹಂಗೇ ಅಳೆಯೋದು, ಒಳಗೆ ಎಷ್ಟು ಹಿಡಿಸುತ್ತೆ ಅಂತ, ದೊಡ್ಡದೇ ತಗೊಳ್ಳಿ, ಇದರೊಳಗೆ ಜೋಡಿಸೋಕೆ ಹೋದ್ರೆ ತಲೆ ಕೆಡುತ್ತೆ. ಕೆಡಲಿ, ಅದೇ ಕೊಡು.

ಈಗ ಭಾನುವಾರದ ಮಧ್ಯಾಹ್ನ, ಊಟದ ಮೇಜಿನ ಮೇಲೆ ಹಳೇ ಟವೆಲು ಹಾಸಿ ಎಲ್ಲವನ್ನೂ ಹರಡಿಕೊಂಡು ಕೂತಿದ್ದೇನೆ, ಹೊಸ ಮದರ್‌ಬೋರ್ಡಿನ ವಾಸನೆ, ಹೊಸ ಚಪ್ಪಲಿಯದಕ್ಕೂ ಕಾದ ತಗಡಿನದಕ್ಕೂ ನಡುವಿನದು, ಮೂಗಿಗೆ ಬಿದ್ದ ಕೂಡಲೇ ವಯಸ್ಸು ಅರ್ಧಕ್ಕೆ ಇಳಿಯುತ್ತದೆ. ಬೋರ್ಡು ನನ್ನ ಅಂಗೈಗಿಂತ ಒಂದಿಷ್ಟು ದೊಡ್ಡದು, ಅಷ್ಟೇ. ಪ್ರೊಸೆಸರು ಅಂಚೆಚೀಟಿಯ ಗಾತ್ರ, ಅದನ್ನು ಒತ್ತಬಾರದು, ಇಡಬೇಕು, ತಾನಾಗಿ ಕೂರುತ್ತದೆ, ಆಮೇಲೆ ಪಕ್ಕದ ಸನ್ನೆಕೋಲು ಒತ್ತಿದರೆ ಕರಕ್ ಅನ್ನುವ ಸದ್ದಿಗೆ ಎದೆ ಧಸಕ್ ಅನ್ನುತ್ತದೆ, ಅಕ್ಕನೂ ನಾನೂ ಟೈಪಿಂಗ್ ಅಂಗಡಿ ನಡೆಸುತ್ತಿದ್ದ ಕಾಲದಲ್ಲೂ ಅನ್ನುತ್ತಿತ್ತು. ಮೆಮೊರಿ ಕಡ್ಡಿ ಎರಡು, ಎರಡೂ ತುದಿ ಸಮವಾಗಿ ಒತ್ತು, ಟಕ್, ಟಕ್. ಆಗಿನದಕ್ಕೆ ಒಂದೇ ಕಡ್ಡಿ ಇದ್ದದ್ದು. ಕಂಪ್ಯೂಟರು ಬೆಳಿಗ್ಗೆ ಏಳದೆ ಬೀಪ್ ಬೀಪ್ ಅಂತ ಅತ್ತರೆ ಆ ಕಡ್ಡಿ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವುದು, ಎದ್ದುಬಿಡುತ್ತಿತ್ತು, ಅಕ್ಕ ಅನ್ನುತ್ತಿದ್ದಳು, ನೋಡು, ಅದಕ್ಕೂ ಬೆಳಿಗ್ಗೆ ಹಲ್ಲುಜ್ಜಬೇಕು. ಆ ಮಾತು ನನ್ನ ಹಣೆಬರಹವೇ ಆಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು, ಈಗ ದಂತವೈದ್ಯರ ಲ್ಯಾಬಿನಲ್ಲಿ ದಿನವಿಡೀ ಕಟ್ಟುಹಲ್ಲು ತಯಾರಿಸುತ್ತೇನೆ, ಯಾರ ಬಾಯಿಗೋ ಯಾವ ಬಣ್ಣದ ಹಲ್ಲೋ, ಉಜ್ಜು, ಹೊಳಪು ಕೊಡು, ಕಳಿಸು.

ಆ ಕಂಪ್ಯೂಟರು, ಅಬ್ಬಾ, ಅದು ಕಂಪ್ಯೂಟರಲ್ಲ, ಮನೆಗೆ ಬಂದ ಅತ್ತೆ. ಕ್ಯಾಬಿನೆಟ್ಟು ನನ್ನ ಮೊಣಕಾಲೆತ್ತರ, ಮಾನಿಟರಿನ ಬೆನ್ನು ಗೋಡೆಯವರೆಗೆ, ಮೇಜೆಲ್ಲ ಅದರದೇ, ಬೇಸಿಗೆಯಲ್ಲಿ ಪಕ್ಕದ ತಗಡು ಬಿಚ್ಚಿ ಇದ್ದೊಂದು ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸುವುದು, ಅದಕ್ಕೆ ಗಾಳಿ, ನಮಗೆ ಬೆವರು. ಒಮ್ಮೆ ಒಳಗೆ ಇರುವೆ ಗೂಡು ಕಟ್ಟಿತ್ತು, ಮೊಟ್ಟೆ ಸಮೇತ, ಅಕ್ಕ ಬಗ್ಗಿ ನೋಡಿ, ಬಾಡಿಗೆ ಕೇಳೇ ಅವರನ್ನ ಅಂದಳು. ನಮ್ಮ ಅಂಗಡಿ ಇದ್ದದ್ದೇ ಮೆಟ್ಟಿಲ ಕೆಳಗೆ. ಎರಡು ಮಹಡಿಯ ಕಟ್ಟಡ, ಮೆಟ್ಟಿಲು ತಿರುಗುವ ಕಡೆ ಕೆಳಗೊಂದು ಮೂಲೆ, ಮೊದಲು ಅಲ್ಲಿ ಪೊರಕೆ ಬಕೆಟ್ಟು ಇಡುತ್ತಿದ್ದರಂತೆ, ಅದಕ್ಕೊಂದು ಬಾಗಿಲು ಕೂರಿಸಿ ನಮಗೆ ಕೊಟ್ಟರು, ಬಾಗಿಲ ಹತ್ತಿರ ನಿಲ್ಲಬಹುದು, ಒಂದು ಹೆಜ್ಜೆ ಒಳಗೆ ಬಂದರೆ ಬಗ್ಗಬೇಕು, ಇನ್ನೊಂದು ಹೆಜ್ಜೆಗೆ ಕೂರಬೇಕು. ಕುಳ್ಳಿಯಾದ್ದರಿಂದ ಅಕ್ಕ ಒಳಗೆ, ಕೀಬೋರ್ಡಿನ ಮುಂದೆ, ನಾನು ಬಾಗಿಲಲ್ಲಿ, ಬಂದವರ ಕಾಗದ ತೆಗೆದುಕೊಳ್ಳಲು, ಕರೆಂಟು ಹೋದರೆ ಫ್ಯೂಸಿನ ಹತ್ತಿರ ಓಡಲು, ಕೆಟ್ಟದ್ದನ್ನು ಬಿಚ್ಚಲು. ಸದಾ ತಿರುಪು ತಿರುಗಿಸುತ್ತಿದ್ದೆನೆಂದು ತಿರುಪಮ್ಮ ಅಂತ ಹೆಸರಿಟ್ಟಿದ್ದಳು ನನಗೆ. ಏ ತಿರುಪಮ್ಮ, ಮತ್ತೆ ನೇತಾಡ್ತಿದೆ ನೋಡೇ ಇದು. ಇಬ್ಬರ ಮೊಣಕಾಲೂ ತಾಗುತ್ತಿದ್ದವು, ಒಬ್ಬಳು ಏಳಬೇಕಾದರೆ ಇನ್ನೊಬ್ಬಳು ಮೊದಲು ಏಳಬೇಕು. ನೆತ್ತಿಯ ಮೇಲೆ ಇಡೀ ದಿನ ಜನರ ಹೆಜ್ಜೆ. ಮೇಲೆ ಇದ್ದದ್ದು ಇದೇ ದಂತವೈದ್ಯರು, ಹತ್ತುವವರು ಕಾಲೆಳೆದು ಹತ್ತುತ್ತಿದ್ದರು, ಇಳಿಯುವವರು ದಡಬಡ ಇಳಿಯುತ್ತಿದ್ದರು, ಅಕ್ಕ ಟೈಪು ನಿಲ್ಲಿಸದೆಯೇ, ಹಲ್ಲುನೋವು ಹೋಗ್ತಿದೆ, ಹಲ್ಲೇ ಇಲ್ಲದ್ದು ಬರ್ತಿದೆ, ಅನ್ನುತ್ತಿದ್ದಳು, ನಗು ತಡೆಯಲಾರದೆ ನಾನು ಗಿರಾಕಿಗಳ ಮುಂದೆ ಕೆಮ್ಮುತ್ತಿದ್ದೆ.

ಅವಳ ಬೆರಳು. ಹತ್ತೂ ಬೆರಳು, ಕೀಬೋರ್ಡಿನ ಕಡೆ ಕಣ್ಣೇ ಇಲ್ಲ, ಅರ್ಜಿ, ಕರಾರುಪತ್ರ, ಪ್ರಶ್ನೆಪತ್ರಿಕೆ, ಯಾರ ಅಕ್ಷರವಾದರೂ ಸರಿ, ಮಸಿಯಲ್ಲಿ ಅದ್ದಿದ ಇರುವೆ ಓಡಾಡಿದ ಹಾಗಿದ್ದರೂ ಓದುತ್ತಿದ್ದಳು, ಟೈಪು ಮಾಡುತ್ತಲೇ ನನ್ನನ್ನು ಬೈಯುತ್ತಿದ್ದಳು, ಬೈಗುಳ ಒಂದೂ ಕಾಗದದೊಳಗೆ ಬೀಳುತ್ತಿರಲಿಲ್ಲ. ಹಾಗೊಂದು ದಿನ ಬಾಗಿಲಲ್ಲಿ ಒಬ್ಬ ಉದ್ದನೆಯ ಮನುಷ್ಯ, ಬಗಲಲ್ಲಿ ದಪ್ಪನೆಯ ಕಟ್ಟು, ಒಂದು ಥೀಸಿಸ್ ಇತ್ತು, ಟೈಪ್ ಆಗ್ಬೇಕಿತ್ತು ಅಂತ ಹೇಳುತ್ತಲೇ ಒಳಗೆ ಹೆಜ್ಜೆಯಿಟ್ಟು ಮೆಟ್ಟಿಲ ಇಳಿಜಾರಿಗೆ ತಲೆ ಹೊಡೆಸಿಕೊಂಡ, ಢಣ್ ಅಂತ. ಅಕ್ಕ ತಿರುಗಿ ನೋಡಿದಳು. ಯಾವುದರ ಮೇಲೆ ಥೀಸಿಸ್ಸು? ಎರೆಹುಳು, ಅಂದ, ತಲೆ ನೀವಿಕೊಳ್ಳುತ್ತ. ಅವತ್ತಿನಿಂದ ಅವನ ಹೆಸರೇ ಎರೆಹುಳು. ಎರೆಹುಳು ಬಂತು ನೋಡೇ. ಎರೆಹುಳುವಿನ ಮೂರನೇ ಅಧ್ಯಾಯ ಎಲ್ಲಿಟ್ಟೆ? ಅವನೋ, ಎರಡು ಪುಟ ತರುವುದು, ಮಾರನೆಯ ದಿನ ತಿದ್ದಿಸಲು ಬರುವುದು, ತಿದ್ದಿದ್ದನ್ನು ಒಯ್ದು ನಾಳೆ ಮತ್ತೆ ತರುವುದು, ಇಲ್ಲೊಂದು ಅಲ್ಪವಿರಾಮ ಬಿಟ್ಟಿದೆ ಅನ್ಸುತ್ತೆ — ಅಲ್ಪವಿರಾಮಕ್ಕೆ ಅಷ್ಟು ದೂರದಿಂದ ಸೈಕಲ್ ತುಳಿದುಕೊಂಡು. ನನಗೆ ಅರ್ಥವಾಗಲು ತಡವಾಯಿತು, ಗುಮ್ಮನಗುಸುಕ ಅವನು, ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ಅಕ್ಕನ ಮುಖದಲ್ಲೂ ಏನೂ ಇಲ್ಲ, ಮಣ್ಣೊಳಗಿಂದ ಯಾವಾಗ ಹೊರಗೆ ಬರುತ್ರೀ ನಿಮ್ಮ ಹುಳು, ಅಂತ ಗದರುವಳು, ಮಳೆ ಬಂದಾಗ ಬರುತ್ತೆ ಅನ್ನುವನು, ಅಷ್ಟೇ ಮಾತು, ಆದರೆ ಒಂದು ಬೆಳಿಗ್ಗೆ ನಾನು ಬೀಗ ತೆಗೆದು ನೋಡಿದರೆ ಇಳಿಜಾರಿಗೆ ಒಂದು ಸ್ಪಂಜಿನ ತುಂಡು ಅಂಟಿಸಿದೆ, ನೀಟಾಗಿ, ನಾಲ್ಕೂ ಮೂಲೆಗೆ ಟೇಪು ಹಾಕಿ. ಏನಕ್ಕಾ ಇದು? ಗಿರಾಕಿಗಳಿಗೆ ಪೆಟ್ಟಾಗಬಾರ್ದಲ್ವೇನೇ. ಗಿರಾಕಿಗಳು ಹತ್ತಾರು ಎತ್ತರದವರಿದ್ದರು, ಸ್ಪಂಜು ಮಾತ್ರ ಸರಿಯಾಗಿ ಒಬ್ಬನ ಹಣೆಯ ಮಟ್ಟಕ್ಕಿತ್ತು. ನಾನು ಕೆಮ್ಮಿದೆ. ಕೆಮ್ಮಬೇಡ, ಕಸ ಗುಡಿಸು ಅಂದಳು, ಕಿವಿ ಕೆಂಪಗಾಗಿತ್ತು.

ಥೀಸಿಸ್ಸು ಮುಗಿಯಿತು, ಮುಗಿಯಲೇಬೇಕಲ್ಲ, ಎಷ್ಟು ಅಂತ ಅಲ್ಪವಿರಾಮ ಹಾಕುವುದು. ಎರೆಹುಳು ಭಾವ ಆದರು, ಅವನು ಹೋಗಿ ಅವರು ಆಯಿತು, ದೂರದ ಸಂಶೋಧನಾ ಕೇಂದ್ರದಲ್ಲಿ ಕೆಲಸ, ಕ್ವಾರ್ಟರ್ಸು, ಸುತ್ತ ತೋಟ, ತುಂಬ ಮಣ್ಣು, ಅಕ್ಕ ಹೊರಡುವ ದಿನ ಕೀಬೋರ್ಡನ್ನು ತಲೆಕೆಳಗು ಮಾಡಿ ತಟ್ಟಿದಳು, ವರ್ಷಗಟ್ಟಲೆಯ ಬಿಸ್ಕತ್ತಿನ ಪುಡಿ ಉದುರಿತು, ಇದನ್ನ ಸ್ವಚ್ಛ ಇಟ್ಕೋ ಅಂದಳು, ಅಷ್ಟೇ, ಅಳಲಿಲ್ಲ, ಅವಳು ಅಳುವವಳೇ ಅಲ್ಲ. ಆಮೇಲೆ ಅಂಗಡಿಯಲ್ಲಿ ನಾನೊಬ್ಬಳೇ, ಕಾಲು ಚಾಚಬಹುದಿತ್ತು, ಚಾಚಿದೆ, ಚಾಚಿದ ಕಾಲು ಗೋಡೆಗೆ ತಾಗಿದಾಗ ಏನೋ ತಪ್ಪಿ ಒದ್ದ ಹಾಗಾಗಿ ಎಳೆದುಕೊಂಡೆ. ನನ್ನದು ಎರಡು ಬೆರಳಿನ ಟೈಪು, ಕೋಳಿ ಕಾಳು ಹೆಕ್ಕಿದ ಹಾಗೆ, ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು, ಕಟ್ಟಡ ಕೆಡವುತ್ತಾರೆಂದು ತಿಳಿದ ವಾರ ಮೇಲಿನ ದಂತವೈದ್ಯರು ಇಳಿದು ಬಂದು, ಬಾಗಿಲಲ್ಲೇ ಬಗ್ಗಿ ನಿಂತು, ಸಣ್ಣ ಸಣ್ಣ ಸಾಮಾನು ಚೆನ್ನಾಗಿ ಜೋಡಿಸ್ತೀಯಮ್ಮ ನೀನು, ನಮ್ಮ ಲ್ಯಾಬಿಗೆ ಬಾ, ಹಲ್ಲು ಜೋಡಿಸೋದು ಕಲಿ ಅಂದರು. ಹೋದೆ, ಕಲಿತೆ, ಈ ಮನೆ ಮಾಡಿದೆ, ಒಂದು ಕೋಣೆ, ಒಂದು ಹಜಾರ, ಒಬ್ಬಳಿಗೆ ಬೇಕಾದಷ್ಟು. ಅಕ್ಕನ ಫೋನು ಬರುತ್ತಿತ್ತು, ಹಿಂದೆ ಭಾವನ ದನಿ, ಕೇಳು, ಹಲ್ಲು ಬಿಟ್ಟು ಬೇರೆ ಏನಾದ್ರೂ ತಿಂತಾಳಾ ಅಂತ, ಆ ಮನುಷ್ಯ ವಯಸ್ಸಾದ ಮೇಲೆ ಮಾತು ಕಲಿತರು, ಅಕ್ಕನ ಜೊತೆ ಇದ್ದರೆ ಕಲ್ಲೂ ಕಲಿಯುತ್ತದೆ. ಹೋದರು. ಬೆಳಿಗ್ಗೆ ತೋಟಕ್ಕೆ ಹೋದವರು ಅಲ್ಲೇ ಕುಸಿದರು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತಂತೆ, ನಾನು ಬಸ್ಸಿಳಿದು ಓಡಿದಾಗ ಅಕ್ಕ ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದಳು. ಕ್ವಾರ್ಟರ್ಸು ಬಿಡಬೇಕು, ಬಿಟ್ಟಳು, ಪುಸ್ತಕ ಅವರ ಶಿಷ್ಯರಿಗೆ, ಪಾತ್ರೆ ಪಕ್ಕದ ಮನೆಗೆ, ಎರಡು ಸೂಟ್‌ಕೇಸು ಹಿಡಿದು ನನ್ನ ಬಾಗಿಲಿಗೆ ಬಂದು, ಸ್ವಲ್ಪ ದಿನ ಇರ್ತೀನಿ ಕಣೇ. ಸೂಟ್‌ಕೇಸು ಇನ್ನೂ ಬಿಚ್ಚಿಲ್ಲ, ಬೇಕಾದ ಬಟ್ಟೆಯಷ್ಟನ್ನೇ ತೆಗೆದು ಮತ್ತೆ ಜಿಪ್ಪು ಎಳೆಯುತ್ತಾಳೆ, ಆ ಜಿಪ್ಪಿನ ಸದ್ದು ಒಂದೇ ಈ ಮನೆಯಲ್ಲಿ ಅವಳು ಮಾಡುವ ಸದ್ದು.

ಛೆ, ಅಯ್ಯೋ, ಫ್ಯಾನು ಕೂರಿಸಿ ನಾಲ್ಕೂ ಸ್ಕ್ರೂ ಬಿಗಿದ ಮೇಲೆ ನೆನಪಾಗುತ್ತಿದೆ, ಪ್ರೊಸೆಸರಿಗೆ ಕರೆಂಟು ಕೊಡುವ ವೈರು ಇನ್ನೂ ಹಾಕಿಲ್ಲ, ಅದರ ಜಾಗ ಇರುವುದು ಫ್ಯಾನಿನ ಹಿಂದೆ, ಗೋಡೆ ಮೂಲೆಯಲ್ಲಿ, ಬೆರಳು ತೂರುವುದಿಲ್ಲ, ಸಣ್ಣ ಇಕ್ಕಳ ಹಾಕಿದೆ, ಜಾರಿತು, ದೊಡ್ಡ ಪೆಟ್ಟಿಗೆಯಾಗಿದ್ದರೆ ಕೈಯೆಲ್ಲ ಒಳಗೆ ಹೋಗುತ್ತಿತ್ತು, ಸಣ್ಣದರಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದೇ ಎಲ್ಲ, ಮೂರು ಸಲ ಪ್ರಯತ್ನ ಮಾಡಿ ಬೆವರಿ, ಥೂ ದರಿದ್ರವೇ, ಅಂದದ್ದು ಗಟ್ಟಿಯಾಗಿಯೇ ಅಂದಿರಬೇಕು, ಯಾರಿಗೆ ಬೈತಿದೀಯೇ, ಹಿಂದಿನಿಂದ, ಅಕ್ಕ, ಒದ್ದೆ ಮುಖ, ಟವೆಲು ಹುಡುಕುತ್ತಿದ್ದಾಳೆ, ಟವೆಲು ಮೇಜಿನ ಮೇಲೆ ಬೋರ್ಡಿನ ಕೆಳಗಿದೆ. ಏನಿದು, ಡಬ್ಬಿ? ಕಂಪ್ಯೂಟರು. ಇಷ್ಟೇನಾ? ಇಷ್ಟೇ. ಮಿಕ್ಕಿದ್ದೆಲ್ಲಿ? ಮಿಕ್ಕಿದ್ದಿಲ್ಲ ಅಕ್ಕ, ಎಲ್ಲ ಇದರಲ್ಲೇ ಹಿಡಿಸುತ್ತೆ. ಯಾರಿಗೆ ಇದು? ಈ ವೈರು ಹೋಗ್ತಿಲ್ಲ ಅಂದೆ. ಅವಳು ತೋಳಿಗೆ ಮುಖ ಒರೆಸಿಕೊಂಡು ಬಗ್ಗಿದಳು, ನಾನು ಟಾರ್ಚು ಹಿಡಿದೆ, ಅವಳ ಬೆರಳು ಹೋಯಿತು, ಅಷ್ಟು ಸಣ್ಣ ಬೆರಳು, ಈಗ ಗೆಣ್ಣು ಊದಿವೆ, ಆದರೂ ಹೋಯಿತು, ಕಣ್ಣು ಮುಚ್ಚಿಕೊಂಡಳು, ಯಾವ ಕಡೆ ತಿರುಗಿಸ್ಬೇಕೇ? ಕೊಕ್ಕೆ ಮೇಲೆ ಬರೋ ಹಾಗೆ. ಮೇಲೆ ಅಂದ್ರೆ ಯಾರ ಮೇಲೆ, ನನ್ನ ಮೇಲೋ ನಿನ್ನ ಮೇಲೋ? ಗೋಡೆ ಕಡೆ ಅಕ್ಕ. ಹಾಗನ್ನು. ಟಕ್. ನೋಡು, ಕೂತ್ಕೊಂಡಿತು ನಿನ್ನ ದರಿದ್ರ.

ಎದ್ದು ಹೋಗುತ್ತಾಳೆ ಅಂದುಕೊಂಡೆ, ಹೋಗಲಿಲ್ಲ, ಕುರ್ಚಿ ಎಳೆದು ಕೂತಳು, ಮೇಜಿನ ಕೆಳಗೆ ಅವಳ ಮೊಣಕಾಲು ನನ್ನದಕ್ಕೆ ತಾಗಿತು, ಇಬ್ಬರೂ ಎಳೆದುಕೊಳ್ಳಲಿಲ್ಲ. ವೈರುಗಳ ಕಂತೆ ನೋಡಿ ಲೊಚಗುಟ್ಟಿದಳು, ಇದೇನೇ ಹೀಗೆ, ಮೂರು ದಿನ ತಲೆ ಬಾಚದೋಳ ಹಾಗೆ, ಮುಚ್ಚಳ ಹೇಗೆ ಮುಚ್ಚುತ್ತೆ? ಮುಚ್ಚಲ್ಲ, ಅದೇ ಕಷ್ಟ. ಸರಿ, ಇಲ್ಲಿ ಕೊಡು. ದಪ್ಪದ್ದನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು, ನನ್ನ ಜಡೆ ಹೆಣೆಯುತ್ತಿದ್ದ ಹಾಗೇ, ಬಿಗಿಯಾಗಿ, ತಲೆಯ ಚರ್ಮ ಚುರುಗುಟ್ಟುವಷ್ಟು, ಅಲ್ಲಾಡಬೇಡ ಅಂದಳು, ನಾನಲ್ಲ ಅಕ್ಕ ಅಲ್ಲಾಡ್ತಿರೋದು, ಮೇಜು, ಅಂದೆ, ಅವಳು ನಕ್ಕಳು, ಅವಳಿಗೇ ತಿಳಿಯದ ಹಾಗೆ, ಮೂಗಿನಿಂದ. ಹೆಣೆದದ್ದು ಗೋಡೆಗಂಟಿ ಮಲಗಿತು. ಸಣ್ಣ ವೈರುಗಳ ಹೆಸರು ಕಾಣುವುದಿಲ್ಲವೆಂದು ನಾನು ಓದಿ ಹೇಳಿದೆ, ಅವಳು ಚುಚ್ಚಿದಳು, ಕೊನೆಯ ಸ್ಕ್ರೂ ಅವಳೇ ತಿರುಗಿಸಿದಳು, ಗುಂಡಿ ಒತ್ತು ಅಂದೆ, ನೀನು ಒತ್ತು ಅಂದಳು, ನೀನೇ, ಇಲ್ಲ ನೀನು, ಕೊನೆಗೆ ಅವಳು ಕಣ್ಣು ಕಿರಿದು ಮಾಡಿ ಪಟಾಕ್ಷಿ ಹಚ್ಚುವವಳಂತೆ ದೂರದಿಂದ ಕೈ ಚಾಚಿ ಒತ್ತಿದಳು. ಏನೂ ಇಲ್ಲ. ಮತ್ತೂ ಏನಿಲ್ಲ. ಹಿಂದಿನ ಸ್ವಿಚ್ಚು ಹಾಕಿದ್ದೀಯೇನೇ ತಿರುಪಮ್ಮ? ತಿರುಪಮ್ಮ ಅಂದಳು. ಎಷ್ಟು ವರ್ಷವಾಯಿತು, ಆ ಹೆಸರಿನವಳೊಬ್ಬಳು ಇದ್ದಳೆಂದೇ ಮರೆತಿದ್ದೆ. ಸ್ವಿಚ್ಚು ಹಾಕಿದೆ, ಫ್ಯಾನು ಉಸಿರೆಳೆದುಕೊಂಡಿತು, ಪಕ್ಕಕ್ಕೆ ಒರಗಿಸಿಟ್ಟಿದ್ದ ಪರದೆಯ ಮೇಲೆ ಬಿಳಿ ಅಕ್ಷರ ಬಂದವು, ಸದ್ದೇ ಇಲ್ವಲ್ಲೇ, ನಮ್ಮದು ವಿಮಾನ ಏಳೋ ಹಾಗೆ ಕೂಗ್ತಿತ್ತು ಅಂದಳು. ಎಲ್ಲಿ ಇಡ್ತೀಯ ಇದನ್ನ? ಕೋಣೆಯಲ್ಲಿ, ಕಿಟಕಿ ಪಕ್ಕದ ಮೋಟು ಮೇಜಿನ ಮೇಲೆ, ಕೂತ್ಕೊಂಡು ಏನಾದ್ರೂ ಟೈಪ್ ಮಾಡಬಹುದು, ಲ್ಯಾಬಿನೋರಿಗೂ ದಿನಾ ಟೈಪ್ ಮಾಡೋರು ಬೇಕು — ನನ್ನ ಬಾಯಿಂದ ಇಷ್ಟುದ್ದ ವಾಕ್ಯ ಬಂದದ್ದಕ್ಕೆ ನನಗೇ ಆಶ್ಚರ್ಯ, ಅವಳು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

ಕೊನೆಗೆ ಪಕ್ಕದ ಗಾಜು, ಈ ಕೇಸಿಗೆ ಒಂದು ಕಡೆ ಗಾಜಿನ ಬಾಗಿಲು, ಒಳಗಿನದೆಲ್ಲ ಕಾಣಲಿ ಅಂತ, ಅದನ್ನು ಅಕ್ಕನೇ ಎರಡೂ ಕೈಲಿ ಹಿಡಿದು ಕೂರಿಸಿದಳು, ಕಿಟಕಿಯ ಬೆಳಕಿಗೆ ನೋಡಿದರೆ ಗಾಜಿನ ತುಂಬ ಬೆರಳಗುರುತು, ನಾನು ಬಟ್ಟೆ ತೆಗೆದುಕೊಂಡು, ಬಾಯಿಂದ ಹಬೆ ಊದಿ, ಒರೆಸಲು ಕೈ ಚಾಚಿದೆ — ಒರೆಸ್ಬೇಡ. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಒರೆಸ್ಬೇಡ ಕಣೇ. ಹಿಡಿತ ಬಿಗಿಯಾಗಿತ್ತು, ಬಿಡಲಿಲ್ಲ, ನನ್ನ ಮುಖ ನೋಡದೆ ಗಾಜು ನೋಡುತ್ತ ಹೇಳಿದಳು, ಆಸ್ಪತ್ರೆಯಲ್ಲಿ ನರ್ಸು ಒಂದು ಪ್ಲಾಸ್ಟಿಕ್ ಕವರು ಕೊಟ್ಟಳು, ಅವರ ಕನ್ನಡಕ ಇತ್ತು ಅದರಲ್ಲಿ, ಆ ಮನುಷ್ಯ ಯಾವತ್ತೂ ಕಡ್ಡಿ ಹಿಡ್ಕೊಂಡು ತೆಗೀತಿರ್ಲಿಲ್ಲ, ಗಾಜೇ ಹಿಡ್ಕೊಂಡು ತೆಗೆಯೋದು, ಎಷ್ಟು ಹೇಳಿದ್ರೂ ಅಷ್ಟೇ, ದಿನಾ ನಾನೇ ಒರೆಸಿ ಕೊಡ್ತಿದ್ದೆ, ಬೈಕೊಂಡು ಬೈಕೊಂಡು, ಅವತ್ತು ಒರೆಸಿರ್ಲಿಲ್ಲ, ಬಲಗಡೆ ಗಾಜಿನ ಮೇಲೆ ಅಷ್ಟು ದೊಡ್ಡ ಹೆಬ್ಬೆಟ್ಟು, ಗೆರೆ ಗೆರೆ ಎಲ್ಲ ಕಾಣುತ್ತೆ, ಸ್ವಲ್ಪ ಮಣ್ಣೂ ಇದೆ. ಅಭ್ಯಾಸಬಲ, ಒರೆಸೋಕೆ ಹೋಗಿಬಿಟ್ಟಿದ್ದೆ ಕಣೇ, ಅಲ್ಲೇ, ಆಸ್ಪತ್ರೆಯಲ್ಲೇ. ಅವಳ ತುಟಿಯ ಒಂದು ಕಡೆ ಮೇಲಕ್ಕೆ ಹೋಯಿತು, ಅಷ್ಟು ದೊಡ್ಡ ಡಾಕ್ಟರೇಟು ಮಾಡಿದೋರು ನೋಡು, ಕೊನೆಗೆ ನನಗೆ ಬಿಟ್ಟು ಹೋಗಿದ್ದು ಒಂದು ಹೆಬ್ಬೆಟ್ಟು, ಅಂದಳು, ನಗಲು ಹೋದಳು, ನಗು ಅರ್ಧಕ್ಕೆ ಬಂದು ಬೇರೆ ಏನೋ ಆಯಿತು, ಬಾಯಿ ತೆರೆದೇ ಇತ್ತು, ಸದ್ದು ಆಮೇಲೆ ಬಂತು, ನಾನು ಆ ಸದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಟ್ಟೆ ಎಲ್ಲೋ ಬಿತ್ತು. ಕುರ್ಚಿಯ ಮೇಲೆ ಕೂತವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ, ಎಷ್ಟು ಹೊತ್ತೋ, ಪರದೆ ತಾನಾಗಿ ಕಪ್ಪಾಯಿತು, ಫ್ಯಾನು ತಿರುಗುತ್ತಲೇ ಇತ್ತು.

ಆಮೇಲೆ ಮೂಗು ಒರೆಸಿಕೊಂಡು, ಮಣಿಕಟ್ಟಿನಿಂದ ಕಣ್ಣು ಒತ್ತಿ, ಎದ್ದು ಕೋಣೆಗೆ ಹೋದಳು, ಜಿಪ್ಪಿನ ಸದ್ದು, ಉದ್ದಕ್ಕೆ, ಸುತ್ತಲೂ, ಈ ಸಲ ಪೂರ್ತಿ, ಎರಡನೆಯದರದೂ, ಬಟ್ಟೆ ಎತ್ತಿ ಮಂಚಕ್ಕೆ ಹಾಕುವ ಸದ್ದು, ಏನೋ ಬಿತ್ತು, ನಾನು ಪೆಟ್ಟಿಗೆ ಎತ್ತಿಕೊಂಡು ಹೋಗಿ ಮೋಟು ಮೇಜಿನ ಮೇಲಿಟ್ಟೆ, ಅದು ಅರ್ಧ ಮೇಜೂ ತುಂಬಲಿಲ್ಲ, ಪಕ್ಕದಲ್ಲಿ ಜಾಗ ಉಳಿದಿತ್ತು. ಆ ಹಾಸ್ಟೆಲ್‌ನವರಿಗೆ ಫೋನ್ ಮಾಡಿ ಹೇಳ್ಬೇಕು, ಕಾಯ್ತಿರ್ತಾರೆ ಪಾಪ, ಅಂದಳು ಅಕ್ಕ, ಬೆನ್ನು ಹಾಕಿಕೊಂಡೇ, ನರ್ಸು ಕೊಟ್ಟ ಆ ಕವರು ಬಿಚ್ಚಿದಳು, ಕನ್ನಡಕದ ಕಡ್ಡಿ ಹಿಡಿದು, ಕಡ್ಡಿಯನ್ನು ಮಾತ್ರ, ಹೂವಿನ ತೊಟ್ಟು ಹಿಡಿದ ಹಾಗೆ, ತಂದು ಮೇಜಿನ ಮೇಲೆ ಉಳಿದ ಜಾಗದಲ್ಲಿ ಇಟ್ಟಳು, ಗಾಜು ಕಿಟಕಿಯ ಕಡೆಗೆ. ಟೀ ಮಾಡ್ತೀನಿ ಅಂದಳು. ಮಾಡಲಾ ಅನ್ನಲಿಲ್ಲ. ಹೋಗುತ್ತ ಬಾಗಿಲು ದಡಾರಂತು. ನಾನು ಹೋಗಬೇಕು, ಹಾಲು ಎಲ್ಲಿದೆಯೆಂದು ಹೇಳಬೇಕು, ನೆಲದ ಮೇಲೆ ಬಿದ್ದ ಬಟ್ಟೆ ಎತ್ತಬೇಕು, ಕಂಪ್ಯೂಟರಿಗೆ ಇನ್ನೂ ಎಷ್ಟೋ ತುಂಬಿಸಬೇಕು, ಆದರೆ ಬಿಸಿಲು ಕನ್ನಡಕಕ್ಕೆ ಬಿದ್ದಿದೆ, ಬಲಗಡೆ ಗಾಜು, ಅದರ ನಡುವೆ ಆ ಹೆಬ್ಬೆಟ್ಟು, ಗೆರೆಯೊಳಗೆ ಗೆರೆ, ಗೆರೆಯೊಳಗೆ ಗೆರೆ, ಕೆಳಗಿನ ಅಂಚಿಗೆ ಒಣಗಿದ ಮಣ್ಣಿನ ಒಂದು ಕಣ, ನನ್ನ ಉಸಿರು ತಾಗೀತೆಂದು ಹಿಂದೆ ಸರಿದೆ, ಸರಿದರೂ ಅದೇ, ಆ ಗಾಜು, ಆ ಹೆಬ್ಬೆಟ್ಟು —